ಮುರಿದ ಬ್ಲೇಡಿಗೆ ಬೆಸುಗೆ ಬೇಡ



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣದ ಬಗ್ಗೆ ಬರೆಯಬೇಕಾದ ಪಶುವೈದ್ಯರು ವೆಲ್ಡಿಂಗ್ ವಿಷಯಕ್ಕೆ ಏಕೆ ಕೈ ಹಾಕಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಮೇವು ಕತ್ತರಿಸುವ ಯಂತ್ರದ ಬ್ಲೇಡು ಮುರಿದಾಗ ನೀವು ಮೊದಲು ಹೋಗುವುದು ವೆಲ್ಡಿಂಗ್ ಅಂಗಡಿಗೆ. ಆ ಬೆಸುಗೆ ಬಿಟ್ಟು ಒಂದು ಚೂರು ಮೇವಿನಲ್ಲಿ ಸೇರಿ ರಾಸಿನ ಹೊಟ್ಟೆಗೆ ಹೋದ ಮೇಲೆ ಕರೆ ಬರುವುದು ನನಗೆ. ಮಧ್ಯೆ ಏನಾಯಿತು ಎಂಬುದನ್ನು ಕೇಳಿ ತಿಳಿಯುವುದು ನನ್ನ ಕೆಲಸದ ಭಾಗವೇ ಆಗಿಬಿಟ್ಟಿದೆ.

ಚಾಫ್ ಕಟರ್ ಬಂದದ್ದು ಒಳ್ಳೆಯದೇ ಆಯಿತು. ಇಡೀ ಸಪ್ಪೆ ಹಾಕಿದರೆ ರಾಸು ಎಲೆ ತಿಂದು ದಂಟು ತುಳಿದು ಹಾಕುತ್ತದೆ, ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಸೇರುತ್ತದೆ. ಕೈಯಲ್ಲಿ ತಿರುಗಿಸುವ ಯಂತ್ರ ಹೋಗಿ ಮೋಟಾರಿನದು ಬಂದ ಮೇಲೆ ಬೆಳಗಿನ ಒಂದು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿದಿದೆ. ಯಂತ್ರ ಬೇಡವೆಂದು ಹೇಳಲು ನಾನು ಹೊರಟಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಯಂತ್ರದ ಕಾಲು, ತಗಡು, ಮೇವು ಹಾಕುವ ತೊಟ್ಟಿ ಯಾವುದಕ್ಕಾದರೂ ಬೆಸುಗೆ ಹಾಕಿಸಿ. ಬ್ಲೇಡಿಗೆ, ಬ್ಲೇಡು ಹಿಡಿದಿರುವ ಬೋಲ್ಟಿಗೆ, ಅವೆರಡನ್ನೂ ಹೊತ್ತು ತಿರುಗುವ ಗಾಲಿಗೆ ಬೆಸುಗೆ ಹಾಕಿಸಬೇಡಿ. ಹಾಕಿಸುವ ಪ್ರಮೇಯವೇ ಬಾರದ ಹಾಗೆ ನಮ್ಮ ಸಂಘಗಳು ಒಂದು ಸಣ್ಣ ಕೆಲಸ ಮಾಡಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬ್ಲೇಡಿನ ಉಕ್ಕು ಬೇರೆ, ಯಂತ್ರದ ಕಾಲಿನ ಕಬ್ಬಿಣ ಬೇರೆ. ನೋಡಲು ಎರಡೂ ಒಂದೇ. ವ್ಯತ್ಯಾಸ ಇರುವುದು ಅದರೊಳಗಿನ ಇಂಗಾಲದಲ್ಲಿ. ಕಾಲು, ಪಟ್ಟಿ, ಆಂಗಲ್‌ಗಳ ಮೆದು ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.25ಕ್ಕಿಂತ ಕಡಿಮೆ. ಅಲಗು ನಿಲ್ಲಬೇಕಾದ ಬ್ಲೇಡಿನ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ 0.6ರಿಂದ 0.9ರವರೆಗೆ. ಕೇಳಲು ಅರ್ಧ ಪರ್ಸೆಂಟಿನ ಮಾತು, ಆದರೆ ಉಕ್ಕಿನ ಗುಣವೇ ಬದಲಾಗುತ್ತದೆ. ಈ ಹೆಚ್ಚು ಇಂಗಾಲದ ಉಕ್ಕನ್ನು ಕೆಂಪಗೆ ಕಾಯಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಎಣ್ಣೆಯಲ್ಲೋ ನೀರಿನಲ್ಲೋ ತಟ್ಟನೆ ಅದ್ದಿದರೆ ಗಾಜಿನಷ್ಟು ಗಡುಸಾಗುತ್ತದೆ, ಗಾಜಿನ ಹಾಗೆಯೇ ಒಡೆಯುತ್ತದೆ ಕೂಡ. ಆಮೇಲೆ ಕಡಿಮೆ ಬಿಸಿಯಲ್ಲಿ ಇನ್ನೊಮ್ಮೆ ಕಾಯಿಸಿ ಅದರ ಬಿರುಸು ಮುರಿಯಬೇಕು. ಅಲಗು ನಿಲ್ಲುವಷ್ಟು ಗಡಸು, ಕಲ್ಲು ತಾಗಿದರೆ ಚೂರಾಗದಷ್ಟು ಮೆದು. ನಮ್ಮ ಊರಿನ ಕಮ್ಮಾರರು ಲಾರಿಯ ಪಟ್ಟಿಯಿಂದ ಕುಡುಗೋಲು, ಮಚ್ಚು ಮಾಡುವಾಗ ಬಣ್ಣ ನೋಡಿ ಮಾಡುತ್ತಿದ್ದ ಕೆಲಸ ಇದೇ. ಹದ ಎಂದು ಅವರು ಕರೆಯುವುದು ಇದನ್ನೇ. ಕಾರ್ಖಾನೆಯವರು ಕುಲುಮೆಯ ಉಷ್ಣಾಂಶ ಅಳೆದು ಮಾಡುತ್ತಾರೆ ಎನ್ನುವುದಷ್ಟೇ ವ್ಯತ್ಯಾಸ.

ಕೈಯಲ್ಲಿರುವುದು ಯಾವ ಉಕ್ಕು ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಅರ ಹಚ್ಚಿ ನೋಡಿ. ಮೆದು ಉಕ್ಕನ್ನು ಅರ ಕಚ್ಚುತ್ತದೆ, ಹದ ಹಾಕಿದ ಉಕ್ಕಿನ ಮೇಲೆ ಜಾರುತ್ತದೆ. ಇಲ್ಲವೇ ಗ್ರೈಂಡಿಂಗ್ ಚಕ್ರಕ್ಕೆ ಮುಟ್ಟಿಸಿ ಕಿಡಿ ನೋಡಿ. ಮೆದು ಉಕ್ಕಿನ ಕಿಡಿ ಉದ್ದಕ್ಕೆ ಗೆರೆ ಎಳೆದಂತೆ ಹೋಗುತ್ತದೆ, ಹೆಚ್ಚು ಇಂಗಾಲದ ಉಕ್ಕಿನ ಕಿಡಿ ಸುರುಸುರು ಬತ್ತಿಯ ಹಾಗೆ ಕವಲೊಡೆದು ಸಿಡಿಯುತ್ತದೆ. ಅನುಭವವಿರುವ ವೆಲ್ಡರ್‌ಗಳಿಗೆ ಇದು ಗೊತ್ತು. ಆದರೆ ಸಂಜೆ ಆರು ಗಂಟೆಗೆ ಬ್ಲೇಡು ಹಿಡಿದುಕೊಂಡು ಹೋಗಿ, ಹಾಲು ಕರೆಯುವ ಹೊತ್ತಾಯಿತು ಬೇಗ ಅಂಟಿಸಿಕೊಡು ಎಂದು ನಾವು ನಿಂತರೆ ಅವರು ಕಿಡಿ ಎಲ್ಲಿ ನೋಡಿಯಾರು?

ಈಗ ಅಂಥ ಬ್ಲೇಡಿಗೆ ಬೆಸುಗೆ ಬಿದ್ದಾಗ ಏನಾಗುತ್ತದೆ ನೋಡಿ. ರಾಡಿನ ತುದಿಯಲ್ಲಿ ಉಕ್ಕು ಕರಗಬೇಕಾದರೆ ಶಾಖ ಸುಮಾರು 1,500 ಡಿಗ್ರಿ ಆಗಬೇಕು. ಕರಗಿದ ಜಾಗದ ಪಕ್ಕದ ಕೆಲವು ಮಿಲಿಮೀಟರು ಅಗಲದ ಪಟ್ಟಿ ಕರಗುವುದಿಲ್ಲ, ಆದರೆ ಕೆಂಪಗೆ ಕಾಯುತ್ತದೆ. ರಾಡು ಮುಂದೆ ಸರಿದ ತಕ್ಷಣ ಸುತ್ತಲಿನ ತಣ್ಣನೆಯ ಉಕ್ಕು ಅದರ ಶಾಖವನ್ನು ಹೀರಿಕೊಳ್ಳುತ್ತದೆ. ನೀರಿಗೆ ಅದ್ದಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಂದರೆ ಆ ಪಟ್ಟಿ ಬಿರುಸು ಮುರಿಯದ ಗಾಜಿನಂತಾಗಿ ಉಳಿಯುತ್ತದೆ. ಅದರ ಆಚೆಯ ಪಟ್ಟಿ ಅಷ್ಟು ಕಾಯದಿದ್ದರೂ ಹದ ಕೆಡುವಷ್ಟು ಕಾದು ಮೆತ್ತಗಾಗುತ್ತದೆ. ಸಾಮಾನ್ಯ ರಾಡಿನಿಂದ ತುಂಬಿದ ಲೋಹವಂತೂ ಮೆದು ಉಕ್ಕೇ. ಹೀಗೆ ಎರಡು ಬೆರಳು ಅಗಲದೊಳಗೆ ಮೆದು, ಬಿರುಸು, ಮತ್ತೆ ಮೆದು ಎಂದು ಮೂರು ಬಗೆಯ ಉಕ್ಕು ಅಕ್ಕಪಕ್ಕ ಕುಳಿತಿರುತ್ತವೆ. ಮೇಲೆ ಗ್ರೈಂಡ್ ಮಾಡಿ ನುಣ್ಣಗೆ ತಿಕ್ಕಿದರೆ ಒಂದೂ ಕಾಣುವುದಿಲ್ಲ.

ಇನ್ನೊಂದು ಸಂಗತಿ ರೈತರಿಗೆ ಯಾರೂ ಹೇಳಿರುವುದಿಲ್ಲ. ವೆಲ್ಡಿಂಗ್ ರಾಡಿನ ಮೇಲಿನ ಬಿಳಿಯ ಲೇಪ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಪೊಟ್ಟಣ ಒಡೆದು ಮೂಲೆಯಲ್ಲಿಟ್ಟ ರಾಡಿನಲ್ಲಂತೂ ಕೇಳುವುದೇ ಬೇಡ. ಆ ತೇವ ಬೆಂಕಿಯಲ್ಲಿ ಒಡೆದು ಅದರ ಜಲಜನಕ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಬಿರುಸಾದ ಪಟ್ಟಿಯೊಳಗೆ ಅದು ನಿಧಾನವಾಗಿ ಹೋಗಿ ಸೇರಿ ಕೂದಲೆಳೆಯಷ್ಟು ಬಿರುಕು ಬಿಡಿಸುತ್ತದೆ. ಈ ಬಿರುಕು ಬೆಸುಗೆ ಹಾಕಿದ ಕೂಡಲೇ ಬರಬೇಕೆಂದಿಲ್ಲ, ಗಂಟೆಗಳು ಕಳೆದು, ಒಂದೆರಡು ದಿನ ಕಳೆದು ಬರಬಹುದು. ಅದಕ್ಕೇ ಮುಖ್ಯವಾದ ಬೆಸುಗೆಗಳನ್ನು 48 ಗಂಟೆ ಬಿಟ್ಟು ಪರೀಕ್ಷಿಸುವ ಪದ್ಧತಿ ದೊಡ್ಡ ಕಾರ್ಖಾನೆಗಳಲ್ಲಿದೆ. "ಎರಡು ದಿನ ಚೆನ್ನಾಗೇ ಓಡ್ತು ಸಾರ್, ಮೂರನೇ ದಿನ ಮುರೀತು" ಎಂದು ನೀವು ಹೇಳುವ ಮಾತಿಗೆ ಉತ್ತರ ಬಹಳ ಸಲ ಇಲ್ಲೇ ಇದೆ. ವೆಲ್ಡರ್ ಕೈ ಚೆನ್ನಾಗಿಲ್ಲ ಎಂದು ಬೈಯುವ ಮುನ್ನ ಇದನ್ನು ಯೋಚಿಸಿ.

ಮುರಿದರೆ ಮುರಿಯಲಿ, ಇನ್ನೊಂದು ಸಲ ಅಂಟಿಸಿದರಾಯಿತು ಎನ್ನುವವರಿಗೆ ಒಂದು ಲೆಕ್ಕ. ಒಂದು ಕಿಲೋ ತೂಕದ ಬ್ಲೇಡು, ಗಾಲಿಯ ನಡುವಿನಿಂದ 25 ಸೆಂಟಿಮೀಟರು ದೂರದಲ್ಲಿ, ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಆ ಬ್ಲೇಡು ತನ್ನ ಬೋಲ್ಟುಗಳನ್ನು ಹೊರಕ್ಕೆ ಎಳೆಯುವ ಬಲ ಸುಮಾರು 100 ಕಿಲೋ ಭಾರಕ್ಕೆ ಸಮ. ಎರಡು ಚೀಲ ಪಶು ಆಹಾರ ನೇತು ಹಾಕಿದ ಹಾಗೆ. ಮೋಟಾರಿನ ಪುಲ್ಲಿ ಬದಲಾಯಿಸಿ ವೇಗವನ್ನು 900 ಸುತ್ತಿಗೆ ಏರಿಸಿದರೆ ಅದು 150 ಆಗುವುದಿಲ್ಲ, 225 ಕಿಲೋ ಆಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಎಳೆತ ಎರಡೂಕಾಲು ಪಟ್ಟು. 600 ಸುತ್ತಿನಲ್ಲೇ ಬ್ಲೇಡಿನ ಹೊರತುದಿ, ನಡುವಿನಿಂದ 30 ಸೆಂಟಿಮೀಟರು ದೂರದಲ್ಲಿದ್ದರೆ, ಗಂಟೆಗೆ ಸುಮಾರು 68 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಕಿತ್ತು ಬರುವ ಅಂಗೈಯಗಲದ ಉಕ್ಕಿನ ತುಂಡು ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಬೆಳಿಗ್ಗೆ ಐದೂವರೆಗೆ ಯಂತ್ರದ ಎದುರು ಮೇವು ಒತ್ತುತ್ತ ನಿಂತಿರುವವರು ನಮ್ಮ ಬಹುತೇಕ ಮನೆಗಳಲ್ಲಿ ಹೆಣ್ಣುಮಕ್ಕಳು. ಬ್ಲೇಡಿಗೆ ಬೆಸುಗೆ ಹಾಕಿಸುವ ತೀರ್ಮಾನ ಮಾಡಿದವರು ಆ ಹೊತ್ತಿನಲ್ಲಿ ಕ್ಯಾನು ಹಿಡಿದು ಡೈರಿಯ ಹತ್ತಿರ ಇರುತ್ತಾರೆ.

ದೊಡ್ಡ ತುಂಡು ಹಾರಿದರೆ ಸದ್ದಾಗುತ್ತದೆ, ಯಂತ್ರ ನಿಲ್ಲಿಸುತ್ತೀರಿ. ನನಗೆ ಹೆಚ್ಚು ಚಿಂತೆ ಸಣ್ಣ ತುಂಡಿನದು. ಬೆಸುಗೆಯ ಅಂಚಿನಿಂದ ಸೂಜಿಯ ಹಾಗೆ, ಚಕ್ಕೆಯ ಹಾಗೆ ಬಿಟ್ಟುಕೊಂಡ ಚೂರು ಕತ್ತರಿಸಿದ ಮೇವಿನ ರಾಶಿಯಲ್ಲಿ ಬೀಳುತ್ತದೆ. ಬುಟ್ಟಿಗೆ ಹೋಗುತ್ತದೆ, ಗೊಂತಿಗೆ ಹೋಗುತ್ತದೆ. ಮೇಕೆ ತುಟಿಯಲ್ಲಿ ಎಲೆ ಆರಿಸಿ ತಿನ್ನುತ್ತದೆ, ಹಸು ಎಮ್ಮೆ ಹಾಗಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದು, ಸರಿಯಾಗಿ ಅಗಿಯದೆ ನುಂಗುತ್ತವೆ. ಆಮೇಲೆ ಮೆಲುಕು ಹಾಕೋಣ ಎನ್ನುವುದು ಅವುಗಳ ಸ್ವಭಾವ. ಕಬ್ಬಿಣದ ಚೂರು ಭಾರವಾದದ್ದರಿಂದ ಮೆಲುಕಿಗೆ ವಾಪಸ್ಸು ಬರುವುದಿಲ್ಲ, ಜೇನುಗೂಡಿನ ಹಾಗೆ ಕಾಣುವ ಎರಡನೇ ಹೊಟ್ಟೆಯ ತಳದಲ್ಲಿ ಕೂರುತ್ತದೆ.

ಆ ಎರಡನೇ ಹೊಟ್ಟೆ ಇರುವ ಜಾಗವೇ ಕಷ್ಟದ್ದು. ಅದರ ಮುಂದೆ ವಪೆ, ವಪೆಯ ಮುಂದೆ ಹೃದಯ. ನಡುವಿನ ದೂರ ಕೆಲವೇ ಸೆಂಟಿಮೀಟರು. ಹೊಟ್ಟೆ ನಿಮಿಷಕ್ಕೊಂದು ಸಲ ಬಿಗಿಯಾಗಿ ಹಿಂಡಿಕೊಳ್ಳುತ್ತಲೇ ಇರುತ್ತದೆ. ಪ್ರತಿ ಹಿಂಡಿಗೂ ಮೊನೆಯಿರುವ ಚೂರು ಗೋಡೆಗೆ ಒತ್ತುತ್ತದೆ. ತುಂಬು ಗಬ್ಬದ ರಾಸಾದರೆ ಹಿಂದಿನಿಂದ ಕರುವಿನ ಭಾರವೂ ಸೇರುತ್ತದೆ. ಗೋಡೆ ಚುಚ್ಚಿಕೊಂಡರೆ ಹೊಟ್ಟೆಯ ಕೊಳೆ ಹೊರಬಂದು ಸೋಂಕು. ಇನ್ನೂ ಮುಂದೆ ಸರಿದರೆ ಹೃದಯದ ಹೊದಿಕೆಯಲ್ಲಿ ಕೀವು. ಅಲ್ಲಿಗೆ ಮುಟ್ಟಿದ ಮೇಲೆ ನಮ್ಮ ಕೈಯಲ್ಲಿ ಬಹಳ ಕಡಿಮೆ ಉಳಿಯುತ್ತದೆ.

ನಮ್ಮ ಒಕ್ಕೂಟದ ವ್ಯಾಪ್ತಿಯ ಒಂದು ಊರಿನಲ್ಲಿ ಮೂರನೇ ಸೂಲಿನ ಒಂದು ಎಚ್‌ಎಫ್ ಹಸುವಿಗೆ ಹೀಗೇ ಆಯಿತು. ಒಂದೇ ದಿನದಲ್ಲಿ ಹಾಲು ಅರ್ಧಕ್ಕಿಳಿದಿತ್ತು. ಮನೆಯವರು ಅಜೀರ್ಣವೆಂದು ಐದು ದಿನ ಮನೆಮದ್ದು ಮಾಡಿದ್ದರು. ನಾನು ನೋಡುವ ಹೊತ್ತಿಗೆ ಎದೆಯ ಮುಂಭಾಗ, ಗಂಗೆದೊಗಲು ನೀರು ತುಂಬಿ ಊದಿತ್ತು, ಕತ್ತಿನ ರಕ್ತನಾಳ ಹಗ್ಗದ ಹಾಗೆ ಎದ್ದು ನಿಂತಿತ್ತು. ಸತ್ತ ಮೇಲೆ ಕೊಯ್ದು ನೋಡಿದಾಗ ಸಿಕ್ಕಿದ್ದು ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಉಕ್ಕಿನ ಚಕ್ಕೆ. ಒಂದು ಮಗ್ಗುಲಲ್ಲಿ ಬೆಸುಗೆಯ ಗಂಟು ಇನ್ನೂ ಅಂಟಿಕೊಂಡಿತ್ತು. ಮನೆಯ ಯಜಮಾನರು ಅದನ್ನು ಕೈಯಲ್ಲಿ ಹಿಡಿದು, ಯಂತ್ರದ ಕಡೆಗೊಮ್ಮೆ ನೋಡಿ, ಏನೂ ಮಾತಾಡಲಿಲ್ಲ.

ಆದ್ದರಿಂದ ಲಕ್ಷಣಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಲು ಒಂದೇ ದಿನದಲ್ಲಿ ದಿಢೀರನೆ ಇಳಿಯುವುದು, ಮೇವು ಬಿಡುವುದು, ಮೆಲುಕು ನಿಲ್ಲುವುದು, ಬೆನ್ನು ಬಿಲ್ಲಿನಂತೆ ಎತ್ತಿ ಮೊಣಕೈ ಹೊರಕ್ಕೆ ಮಾಡಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಮಲಗುವಾಗ ಏಳುವಾಗ ನರಳುವುದು. ಹೆಗಲ ಮೇಲಿನ ಚರ್ಮ ಹಿಡಿದು ಚಿವುಟಿದರೆ ಆರೋಗ್ಯದ ರಾಸು ಬೆನ್ನು ತಗ್ಗಿಸುತ್ತದೆ, ಇದು ತಗ್ಗಿಸುವುದಿಲ್ಲ, ನರಳುತ್ತದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಎಣ್ಣೆ, ಜೀರಿಗೆ ಕುಡಿಸುತ್ತ ಕಾಯಬೇಡಿ, ಅದೇ ದಿನ ಕರೆಯಿರಿ. ಬಂದಾಗ ಬ್ಲೇಡು ಮುರಿದಿತ್ತೇ, ಮನೆಯ ಹತ್ತಿರ ವೆಲ್ಡಿಂಗ್ ಆಗಿತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ. ಬೇಗ ಗೊತ್ತಾದರೆ ಅಯಸ್ಕಾಂತ ನುಂಗಿಸಿ, ಮುಂಗಾಲು ಎತ್ತರದ ಜಾಗದಲ್ಲಿ ಇರುವಂತೆ ಕಟ್ಟಿಸಿ, ಔಷಧ ಕೊಟ್ಟು ಉಳಿಸಿಕೊಳ್ಳುವುದುಂಟು. ಹೊಟ್ಟೆ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಬೆರಳುದ್ದದ ಆ ಅಯಸ್ಕಾಂತ ಒಮ್ಮೆ ನುಂಗಿಸಿದರೆ ರಾಸು ಇರುವವರೆಗೂ ಅದರ ಹೊಟ್ಟೆಯಲ್ಲೇ ಇದ್ದು ಚೂರುಗಳನ್ನು ಹಿಡಿದಿಡುತ್ತದೆ. ಆದರೆ ಅದನ್ನೇ ನಂಬಿ ಬ್ಲೇಡಿಗೆ ಬೆಸುಗೆ ಹಾಕಿಸಬಹುದು ಎಂದುಕೊಳ್ಳಬೇಡಿ. ಕೆಲವರು ಗಟ್ಟಿಯಾಗಲಿ ಎಂದು ಬಳಸುವ ಸ್ಟೇನ್‌ಲೆಸ್ ರಾಡಿನ ಲೋಹವನ್ನು ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ವೆಲ್ಡರ್‌ಗಳ ಪಕ್ಷದ ಮಾತನ್ನೂ ಹೇಳಬೇಕು. ಹದ ಹಾಕಿದ ಉಕ್ಕಿಗೆ ಬೆಸುಗೆ ಹಾಕಲು ಬರುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ರೋಲರಿನ ಸವೆದ ಹಲ್ಲುಗಳ ಮೇಲೆ ಗಡಸು ಲೋಹ ತುಂಬುತ್ತಾರೆ. ಜೆಸಿಬಿ ಬಕೆಟ್ಟಿನ ಹಲ್ಲು, ನೇಗಿಲಿನ ಗುಳ ಇವುಗಳ ಸವೆದ ಮೈಗೆ ಗಡಸು ರಾಡಿನಲ್ಲಿ ಪದರ ಕೊಡುವುದು ದಿನನಿತ್ಯದ ಕೆಲಸ. ಇವುಗಳಲ್ಲಿ ಬೇಕಾದದ್ದು ಸವೆತ ತಡೆಯುವ ಮೈ. ಚೂರು ಬಿಟ್ಟರೂ ಬೀಳುವುದು ಮಣ್ಣಿಗೆ, ಗೊಂತಿಗಲ್ಲ.

ಕ್ರಮವಾಗಿ ಮಾಡುವವರು ಹೇಗೆ ಮಾಡುತ್ತಾರೆ ಎಂದು ಕೇಳಿದರೆ ನಿಮಗೇ ಅಂದಾಜಾಗುತ್ತದೆ. ಮೊದಲು ಬಿರುಕು ಪೂರ್ತಿ ಹೋಗುವವರೆಗೆ ತಿಕ್ಕಿ ತೋಡು ಮಾಡಬೇಕು. ಇಡೀ ಭಾಗವನ್ನು 200ರಿಂದ 300 ಡಿಗ್ರಿಯವರೆಗೆ ಕಾಯಿಸಿಟ್ಟುಕೊಳ್ಳಬೇಕು, ಬೆಸುಗೆ ಮುಗಿಯುವವರೆಗೂ ಆ ಬಿಸಿ ಇಳಿಯಬಾರದು. ರಾಡು ಮಾಮೂಲಿ 6013 ಅಲ್ಲ, ತೇವ ಕಡಿಮೆ ಇರುವ 7018. ಅದನ್ನೂ ಒಲೆಯಲ್ಲಿ 300 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಬಳಸಬೇಕು. ಸಣ್ಣ ಸಣ್ಣ ಗೆರೆ ಹಾಕಬೇಕು. ಮುಗಿದ ಮೇಲೆ ನೀರು ಹೊಯ್ಯದೆ, ಒಣ ಬೂದಿಯಲ್ಲೋ ಸುಣ್ಣದಲ್ಲೋ ಹೂತು ರಾತ್ರಿಯೆಲ್ಲ ನಿಧಾನವಾಗಿ ಆರಲು ಬಿಡಬೇಕು. ಇಷ್ಟೆಲ್ಲ ಆದ ಮೇಲೆ ಬ್ಲೇಡಿನ ಅಲಗು ಉಳಿದಿರುತ್ತದೆಯೇ? ಇಲ್ಲ. 300 ಡಿಗ್ರಿಗೆ ಕಾದು ಬೂದಿಯಲ್ಲಿ ಆರಿದ ಬ್ಲೇಡಿನ ಮೊದಲಿನ ಹದ ಅಷ್ಟೇ ಉಳಿಯಿತೆಂಬ ನಂಬಿಕೆಯಿಲ್ಲ, ಮತ್ತೆ ಕುಲುಮೆಗೆ ಹೋಗಬೇಕು. ಹೊಸ ಬ್ಲೇಡಿಗಿಂತ ಕೂಲಿಯೇ ಹೆಚ್ಚಾಗುತ್ತದೆ. ಬ್ಲೇಡಿಗೆ ಬೆಸುಗೆ ಬೇಡ ಎನ್ನುವ ನನ್ನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ: ಸರಿಯಾಗಿ ಮಾಡಿದರೆ ಲಾಭವಿಲ್ಲ, ಲಾಭ ಕಾಣುವ ಹಾಗೆ ಮಾಡಿದರೆ ಸರಿಯಾಗಿರುವುದಿಲ್ಲ.

ಬೋಲ್ಟಿನದೂ ಅದೇ ಕಥೆ, ಅದಕ್ಕಿಂತ ಮೋಸದ್ದು. ಬ್ಲೇಡು ಸಡಿಲವಾಗುತ್ತದೆಂದು ನಟ್ಟಿಗೆ ಒಂದು ಚುಕ್ಕೆ ಬೆಸುಗೆ ಮುಟ್ಟಿಸಿಬಿಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂದು ಇರುತ್ತದೆ. ಅದು ಹದ ಹಾಕಿದ ಉಕ್ಕು. ಆ ಒಂದು ಚುಕ್ಕೆ ಅದರ ಹದ ಕೆಡಿಸುತ್ತದೆ. ಅಂಗಡಿಯಲ್ಲಿ ಸಿಕ್ಕಿತೆಂದು 4.6 ಎಂದಿರುವ ಬೋಲ್ಟು ಹಾಕಿದರೆ ಅದರ ಬಲ 8.8ರ ಅರ್ಧ. ಸಡಿಲವಾಗದಿರಲು ಯಂತ್ರದ ಜೊತೆ ಬಂದ ಸ್ಪ್ರಿಂಗ್ ವಾಷರೋ ಲಾಕ್ ನಟ್ಟೋ ಸಾಕು, ವಾರಕ್ಕೊಮ್ಮೆ ಮೇನ್ ಸ್ವಿಚ್ ತೆಗೆದು ಸ್ಪ್ಯಾನರ್ ಹಾಕಿ ನೋಡಿದರೆ ಇನ್ನೂ ಸಾಕು. ಗಾಲಿ ಬಹುಪಾಲು ಎರಕದ ಕಬ್ಬಿಣದ್ದು. ಅದರಲ್ಲಿ ಬಿರುಕು ಕಂಡರೆ ಗಾಲಿಯನ್ನೇ ಬದಲಾಯಿಸಿ. ಅದರ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ.

ಶಾಫ್ಟು ಮತ್ತು ಗೇರಿನ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಬೇರಿಂಗು ಕೂರುವ ಜಾಗದಲ್ಲಿ ಸವೆದ ಶಾಫ್ಟಿಗೆ ಮೊದಲೇ ಕಾಯಿಸಿ, ಲೋಹ ತುಂಬಿ, ನಿಧಾನವಾಗಿ ಆರಿಸಿ, ಲೇತ್‌ನಲ್ಲಿ ಅಳತೆಗೆ ತರುವವರು ತಾಲ್ಲೂಕು ಕೇಂದ್ರಗಳಲ್ಲಿ ಇದ್ದಾರೆ, ಕೆಲಸ ನಿಲ್ಲುತ್ತದೆ. ಮೇವು ಎಳೆಯುವ ರೋಲರಿನ ಗೇರು ನಿಧಾನವಾಗಿ ತಿರುಗುವುದರಿಂದ ಒಂದು ಹಲ್ಲು ಹೋದರೆ ಚೂರು ಹಾರುವ ಭಯ ಕಡಿಮೆ. ಆದರೆ ಒಂದು ಮಾತು. ಕೈಯೋ ಸೀರೆಯ ಸೆರಗೋ ರೋಲರಿಗೆ ಸಿಕ್ಕಿದರೆ ಹಿಂದಕ್ಕೆ ತಿರುಗಿಸುವ ಲಿವರ್ ಇದೆಯಲ್ಲ, ಅದು ಕೆಲಸ ಮಾಡುವುದೂ ಆ ಗೇರಿನ ಹಲ್ಲಿನ ಮೇಲೆಯೇ. ತೇಪೆ ಹಾಕಿದ ಹಲ್ಲು ಆ ಗಳಿಗೆಯಲ್ಲಿ ಕೈಕೊಟ್ಟರೆ ಲಿವರ್ ಇದ್ದೂ ಇಲ್ಲದಂತೆ. ಗೇರು ಎರಕದ್ದಾದರೆ ನಿಕ್ಕಲ್ ರಾಡಿನಲ್ಲೇ ಮಾಡಿಸಿ, ಅದೂ ಹೊಸ ಗೇರು ಬರುವವರೆಗೆ ಮಾತ್ರ.

ಮನೆಯಲ್ಲೇ ವೆಲ್ಡಿಂಗ್ ಮಾಡಿಸುವವರಿಗೆ ಇನ್ನೆರಡು ಸೂಚನೆ. ಅರ್ತಿಂಗ್ ಹಿಡಿಕೆಯನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ಗಾಲಿಯ ಆ ಕಡೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದರ ಗುಂಡುಗಳ ಮೈ ಸುಟ್ಟು ಗುಳಿ ಬೀಳುತ್ತದೆ, ಬೇರಿಂಗು ತಿಂಗಳೊಳಗೆ ಗೊರಗೊರ ಅನ್ನುತ್ತದೆ. ಕೆಲಸವನ್ನು ಕೊಟ್ಟಿಗೆಯಿಂದ, ಬಣವೆಯಿಂದ ದೂರದಲ್ಲಿ ಮಾಡಿಸಿ. ಬೆಂಕಿಯ ಭಯವನ್ನು ನಾನು ಹೇಳಬೇಕಿಲ್ಲ. ಉಳಿದ ರಾಡಿನ ಮೋಟು, ಕತ್ತರಿಸಿದ ತಂತಿ, ಗ್ರೈಂಡಿಂಗ್ ಚೂರು ಇವನ್ನೆಲ್ಲ ಗುಡಿಸಿ, ಅಯಸ್ಕಾಂತ ಆಡಿಸಿ ಎತ್ತಿ. ಹಳೆಯ ಸ್ಪೀಕರಿನ ಅಯಸ್ಕಾಂತವೂ ಆಗುತ್ತದೆ. ವೆಲ್ಡಿಂಗ್ ರಾಡಿನ ಮೋಟು ಕೂಡ ನಮಗೆ ರಾಸುಗಳ ಹೊಟ್ಟೆಯಲ್ಲಿ ಸಿಗುವ ವಸ್ತುವೇ.

"ನೀವು ಹೇಳೋದು ಸರಿ ಸಾರ್, ಆದರೆ ಹಸು ಇವತ್ತು ತಿನ್ನಬೇಕಲ್ಲ" ಎನ್ನುವ ಮಾತಿಗೆ ನಾನು ಯಾವತ್ತೂ ತಲೆ ಬಾಗಿಸುತ್ತೇನೆ. ಅದು ನಿಜ. ಬ್ಲೇಡು ತರಲು ಪೇಟೆಗೆ ಹೋದರೆ ಒಂದು ದಿನದ ಕೆಲಸ ಹಾಳು. ಹೋದಾಗ ನಮ್ಮ ಯಂತ್ರದ ಅಳತೆಯದು ಇರುವುದಿಲ್ಲ. ಯಂತ್ರ ಮಾರಿದವರು ಬಿಡಿಭಾಗ ಕೇಳಿದರೆ ಫೋನು ಎತ್ತುವುದಿಲ್ಲ ಎಂದು ದೂರುವವರೂ ಇದ್ದಾರೆ. ವೆಲ್ಡಿಂಗ್ ಅಂಗಡಿ ಊರಲ್ಲೇ ಇದೆ, ಅರ್ಧ ಗಂಟೆಯ ಕೆಲಸ. ಇಂಥ ಸ್ಥಿತಿಯಲ್ಲಿ ಬೆಸುಗೆ ಹಾಕಿಸಿದವರನ್ನು ಅಜ್ಞಾನಿಗಳು ಎನ್ನುವುದು ಸುಲಭ, ನ್ಯಾಯವಲ್ಲ. ಆ ಒಂದು ದಿನದ ಮಟ್ಟಿಗೆ ಸಪ್ಪೆಯನ್ನು ಕುಡುಗೋಲಿನಲ್ಲೇ ಎರಡು ಮೂರು ತುಂಡು ಮಾಡಿ ಹಾಕಿ. ಸ್ವಲ್ಪ ಮೇವು ಹಾಳಾಗುತ್ತದೆ, ಹಾಲು ಒಂದು ಹೊತ್ತಿಗೆ ಕಾಲು ಲೀಟರು ಇಳಿದರೂ ಇಳಿಯಲಿ. ಒಂದು ಬ್ಲೇಡು ತೆಗೆದು ಇನ್ನೊಂದರಲ್ಲೇ ಓಡಿಸುವ ಉಪಾಯ ಮಾತ್ರ ಬೇಡ, ಗಾಲಿಯ ತೂಕ ಒಂದು ಕಡೆಗೆ ವಾಲಿ ಇಡೀ ಯಂತ್ರ ನಡುಗುತ್ತದೆ. ಬ್ಲೇಡು ಮುರಿಯದೆ ಅಲಗಿನಲ್ಲಿ ಸಣ್ಣ ಕಚ್ಚು ಬಿದ್ದಿದ್ದರೆ ಸಾಣೆ ಹಿಡಿದು ಸರಿಮಾಡಿಕೊಳ್ಳಬಹುದು. ಆಗಾಗ ನೀರಿಗೆ ಅದ್ದುತ್ತ ಹಿಡಿಯಿರಿ. ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತೆಂದೇ ಲೆಕ್ಕ. ಒಂದನ್ನು ಎಷ್ಟು ತಿಕ್ಕಿದಿರೋ ಇನ್ನೊಂದನ್ನೂ ಅಷ್ಟೇ ತಿಕ್ಕಿ, ಎರಡರ ತೂಕ ಸಮ ಮಾಡಿ.

ಈಗ ನಾನು ಹೇಳುತ್ತೇನೆಂದ ಸಣ್ಣ ಕೆಲಸ. ನಮ್ಮ ಹಾಲು ಉತ್ಪಾದಕರ ಸಂಘಗಳಲ್ಲಿ ಪಶು ಆಹಾರ, ಖನಿಜ ಮಿಶ್ರಣ, ಮೇವಿನ ಬೀಜ ಸಿಗುತ್ತವೆ. ಕೈಯಲ್ಲಿ ಹಣವಿಲ್ಲದಿದ್ದರೆ ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ. ಅದೇ ಕಪಾಟಿನಲ್ಲಿ ಆ ಊರಿನಲ್ಲಿ ಹೆಚ್ಚಾಗಿರುವ ಎರಡು ಮೂರು ಮಾದರಿಯ ಯಂತ್ರಗಳ ಬ್ಲೇಡು ಜೋಡಿ, ಅದಕ್ಕೆ ತಕ್ಕ 8.8 ಬೋಲ್ಟು ನಟ್ಟು ಇಟ್ಟುಕೊಳ್ಳಲು ಏನು ಅಡ್ಡಿ? ಬ್ಲೇಡು ಹುಳ ಹಿಡಿಯುವ ವಸ್ತುವಲ್ಲ, ಎಣ್ಣೆ ಸವರಿ ಕಾಗದ ಸುತ್ತಿಟ್ಟರೆ ವರ್ಷಗಟ್ಟಲೆ ಇರುತ್ತದೆ. ನಾನು ವಿಚಾರಿಸಿದ ಮಾದರಿಗಳಲ್ಲಿ ಒಂದು ಜೋಡಿಯ ಬೆಲೆ ಒಂದು ಚೀಲ ಪಶು ಆಹಾರದ ಬೆಲೆಯನ್ನು ಮೀರಲಿಲ್ಲ. ಎರಡು ಬಟವಾಡೆಯಲ್ಲಿ ತೀರುವ ಹಣ. ಬ್ಲೇಡು ಊರಿನ ಡೈರಿಯಲ್ಲೇ, ಹಾಲು ಹಾಕುವ ಹೊತ್ತಿನಲ್ಲೇ ಸಿಕ್ಕರೆ ವೆಲ್ಡಿಂಗ್ ಅಂಗಡಿಗೆ ಯಾರೂ ಹೋಗುವುದಿಲ್ಲ. ವೆಲ್ಡರ್‌ಗಳಿಗೂ ಇದರಿಂದ ನಷ್ಟವಿಲ್ಲ. ಬ್ಲೇಡಿನ ಬೆಸುಗೆ ಅವರಿಗೂ ಬೈಗುಳ ತರುವ ಕೆಲಸವೇ.

ಯಂತ್ರಗಳನ್ನು ಸಹಾಯಧನದಲ್ಲಿ ಕೊಡುವಾಗಲೂ ಹೀಗೆಯೇ. ಯಂತ್ರದ ಜೊತೆ ಒಂದು ಜೋಡಿ ಹೆಚ್ಚುವರಿ ಬ್ಲೇಡು, ಒಂದು ಕಟ್ಟು ಬೋಲ್ಟು ಸೇರಿಸಿಯೇ ಕೊಡಬೇಕೆಂದು ಖರೀದಿಯ ಷರತ್ತಿನಲ್ಲೇ ಬರೆಯಬಹುದು. ಕೊಡುವ ದಿನ ಫೋಟೊ ಹಿಡಿಯುತ್ತೇವೆ, ಮುರಿದ ದಿನ ಯಾರೂ ಇರುವುದಿಲ್ಲ. ಇದನ್ನು ಒಕ್ಕೂಟದ ಒಳಗಿನವನಾಗಿಯೇ ಹೇಳುತ್ತಿದ್ದೇನೆ. ಯಾರಿಗೂ ಬೇಸರವಾಗದೆಂದು ನಂಬಿದ್ದೇನೆ.

ಸಂಘದ ಆಡಳಿತ ಮಂಡಳಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕಾದರೆ ಯಾವ ಬ್ಲೇಡು ಎಷ್ಟು ಬೇಕು ಎಂಬ ಲೆಕ್ಕ ಮೊದಲು ಬೇಕು. ಅದು ನಿಮ್ಮ ಕೈಯಲ್ಲಿದೆ. ಮೇನ್ ಸ್ವಿಚ್ ತೆಗೆದು, ಗಾಲಿ ಪೂರ್ತಿ ನಿಂತ ಮೇಲೆ, ನಿಮ್ಮ ಯಂತ್ರದ ಬ್ಲೇಡಿನ ಉದ್ದ, ಅಗಲ, ದಪ್ಪ, ತೂತುಗಳು ಎಷ್ಟು, ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ದೂರ, ಬೋಲ್ಟಿನ ತಲೆಯ ಮೇಲೆ ಏನು ಬರೆದಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಳೆಯಲು ಕಷ್ಟವಾದರೆ ಬ್ಲೇಡು ಬಿಚ್ಚಿ ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರೂ ಆಯಿತು. ಮುಂದಿನ ಬಟವಾಡೆಯ ದಿನ ಅದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರ ಕೈಗೆ ಕೊಡಿ. ಚೀಟಿಯ ಹಿಂದೆ ನಿಮ್ಮ ಉತ್ಪಾದಕರ ಸಂಖ್ಯೆ ಬರೆಯುವುದನ್ನು ಮರೆಯಬೇಡಿ.